ಫೌಂಡ್ರಿ, ಸಕ್ಕರೆ, ಮಗ್ಗ: ಯಾವುದು ಎಷ್ಟು ದಕ್ಷ ಅಂತ ಅಳೆಯುವುದು ಹೇಗೆ?

"ಸರ್, ಎಸ್‌ಎಫ್‌ಎ ಮಾಡ್ಲ್ಯೋ, ಡಿಇಎ ಮಾಡ್ಲ್ಯೋ? ಯಾವ ಸಾಫ್ಟ್‌ವೇರ್ ಹಾಕ್ಬೇಕ್ರಿ?"

ವರ್ಷಕ್ಕೆ ಹತ್ತು ಮಂದಿಯಾದರೂ ಇದನ್ನೇ ಕೇಳುತ್ತಾರೆ. ಎರಡೂ ಒಂದು ಘಟಕ ಎಷ್ಟು ದಕ್ಷ ಅಂತ ಅಳೆಯುವ ವಿಧಾನಗಳು; ಡಿಇಎ ಹಂತ 6ರಲ್ಲಿ, ಎಸ್‌ಎಫ್‌ಎ ಹಂತ 7ರಲ್ಲಿ ಬರುತ್ತವೆ. ಎಂ.ಎ. ಪ್ರಾಜೆಕ್ಟ್‌ನವರು ಕೇಳುತ್ತಾರೆ, ಪಿಎಚ್‌ಡಿಗೆ ಈಗಷ್ಟೇ ಹೆಸರು ಹಚ್ಚಿದವರು ಕೇಳುತ್ತಾರೆ. ಒಮ್ಮೊಮ್ಮೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಎರಕದ ಕಾರ್ಖಾನೆ) ಮಾಲೀಕರೂ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಸಾಫ್ಟ್‌ವೇರ್‌ನಲ್ಲಿ ಅಲ್ಲ. ಕಾರ್ಖಾನೆಗೆ ಏನು ಒಳಗೆ ಹೋಯಿತು, ಏನು ಹೊರಗೆ ಬಂತು ಅನ್ನುವುದನ್ನು ಎಣಿಸುವಲ್ಲಿ. ಆದ್ದರಿಂದ ಈ ಲೇಖನದ ಅರ್ಧ ಭಾಗ ಎಣಿಕೆಯ ಬಗ್ಗೆಯೇ ಇದೆ. ಬೇಸರ ಮಾಡಿಕೊಳ್ಳಬೇಡಿ.

ಬೇಕಾದ ಸಾಮಾನು ಇಷ್ಟು: ಒಂದು ಎಕ್ಸೆಲ್ ಹಾಳೆ, ಲಾಗ್ ಮತ್ತು ರಿಗ್ರೆಷನ್ ಅಂದರೇನು ಅನ್ನುವ ತಿಳಿವಳಿಕೆ, ಆರ್ ಅಥವಾ ಸ್ಟಾಟಾ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್. ಆರ್ ಪೂರ್ತಿ ಉಚಿತ. ಅದರಲ್ಲಿ ಡಿಇಎಗೆ 'ಬೆಂಚ್‌ಮಾರ್ಕಿಂಗ್' ಅನ್ನುವ ಪ್ಯಾಕೇಜ್ ಇದೆ, ಎಸ್‌ಎಫ್‌ಎಗೆ 'ಫ್ರಾಂಟಿಯರ್' ಇದೆ. ಸಾಫ್ಟ್‌ವೇರ್ ವಿಷಯ ಇಲ್ಲಿಗೆ ಮುಗಿಯಿತು.

ಹಂತ 1: ಎರಡು ಪದ ಬೇರೆ ಮಾಡಿ, ಪ್ರಶ್ನೆ ಬರೆಯಿರಿ

ಉತ್ಪಾದಕತೆ ಅಂದರೆ ಹಾಕಿದ್ದಕ್ಕೆ ಬಂದದ್ದೆಷ್ಟು. ಒಬ್ಬ ಕೆಲಸಗಾರನಿಗೆ ಎಷ್ಟು ಟನ್, ಎಕರೆಗೆ ಎಷ್ಟು ಕ್ವಿಂಟಲ್, ಹೀಗೆ. ದಕ್ಷತೆ ಬೇರೆ. ಅಷ್ಟೇ ಮಂದಿ, ಅಷ್ಟೇ ಯಂತ್ರ, ಅಷ್ಟೇ ಕಚ್ಚಾ ಮಾಲು ಇಟ್ಟುಕೊಂಡು ಹೆಚ್ಚೆಂದರೆ ಎಷ್ಟು ತೆಗೆಯಬಹುದಿತ್ತೋ ಅದರಲ್ಲಿ ನೀವು ತೆಗೆದದ್ದೆಷ್ಟು ಅನ್ನುವುದು ದಕ್ಷತೆ. ಆ 'ಹೆಚ್ಚೆಂದರೆ' ಅನ್ನುವ ಗೆರೆಗೆ ಫ್ರಾಂಟಿಯರ್ ಎಂದು ಹೆಸರು. 1957ರಲ್ಲಿ ಫಾರೆಲ್ ಬರೆದ ಒಂದು ಪ್ರಬಂಧದಿಂದ ಈ ಅಳತೆ ಬೆಳೆದು ಬಂತು.

ಇವೆರಡೂ ಒಟ್ಟೊಟ್ಟಿಗೆ ಏರಬೇಕೆಂದಿಲ್ಲ. ಕುಪೋಲಾ (ಕೋಕ್ ಉರಿಸುವ ಕುಲುಮೆ) ತೆಗೆದು ಇಂಡಕ್ಷನ್ ಫರ್ನೇಸ್ (ಕರೆಂಟಿನ ಕುಲುಮೆ) ಹಾಕಿದ ಫೌಂಡ್ರಿಯಲ್ಲಿ ಉತ್ಪಾದಕತೆ ಏರಬಹುದು. ಆದರೆ ಹೊಸ ಫರ್ನೇಸಿನಿಂದ ಸಿಗಬೇಕಾದಷ್ಟು ಮಾಲು ಇನ್ನೂ ಸಿಗುತ್ತಿಲ್ಲ ಅಂದರೆ ದಕ್ಷತೆ ಇಳಿದಿರುತ್ತದೆ.

ಈಗ ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಬೆಳಗಾವಿ ವಿಭಾಗದ ಕೈಗಾರಿಕೆಗಳ ದಕ್ಷತೆ" ಅನ್ನುವುದು ಪ್ರಶ್ನೆಯಲ್ಲ, ಶೀರ್ಷಿಕೆ. "ಒಂದೇ ಥರದ ಫರ್ನೇಸ್ ಇರುವ ಫೌಂಡ್ರಿಗಳ ನಡುವೆ ಕರೆಂಟ್ ಬಳಕೆಯಲ್ಲಿ ಇಷ್ಟು ಅಂತರ ಯಾಕೆ?" ಅನ್ನುವುದು ಪ್ರಶ್ನೆ.

ಹಂತ 2: ಡೇಟಾ ಎಲ್ಲಿಂದ ತರುತ್ತೀರಿ?

ಮೊದಲ ಬಾಗಿಲು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. ಎಲ್ಲರೂ ಎಎಸ್‌ಐ ಅನ್ನುತ್ತಾರೆ. ಕೇಂದ್ರ ಸಾಂಖ್ಯಿಕ ಸಚಿವಾಲಯ ಇದರ ಘಟಕ ಮಟ್ಟದ ಡೇಟಾವನ್ನು ಉಚಿತವಾಗಿ ಕೊಡುತ್ತದೆ. ಕಾರ್ಖಾನೆಯ ಹೆಸರು ಅದರಲ್ಲಿ ಇರುವುದಿಲ್ಲ. ಕರೆಂಟ್ ಬಳಸುವ ಘಟಕವಾದರೆ ಕನಿಷ್ಠ 10 ಜನ, ಬಳಸದಿದ್ದರೆ ಕನಿಷ್ಠ 20 ಜನ ಕೆಲಸಗಾರರಿರುವ ಕಾರ್ಖಾನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಫಾರ್ಮ್‌ನ ಬ್ಲಾಕ್ ಸಿಯಲ್ಲಿ ಸ್ಥಿರ ಆಸ್ತಿ, ಬ್ಲಾಕ್ ಇಯಲ್ಲಿ ಕೆಲಸಗಾರರು ಮತ್ತು ಮಾನವ ದಿನಗಳು, ಎಚ್‌ನಲ್ಲಿ ಕಚ್ಚಾ ಮಾಲು, ಜೆಯಲ್ಲಿ ತಯಾರಾದ ಮಾಲು ಸಿಗುತ್ತದೆ.

ಯಾವ ಕಸುಬು ಯಾವುದು ಅಂತ ಎನ್‌ಐಸಿ (ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ) ಸಂಖ್ಯೆಯಿಂದ ಗುರುತಿಸಬೇಕು. 2008ರ ಪಟ್ಟಿಯಲ್ಲಿ ಸಕ್ಕರೆ 1072, ಕಬ್ಬಿಣ ಮತ್ತು ಉಕ್ಕಿನ ಎರಕ 2431, ನೇಯ್ಗೆ 1312, ಸಿಮೆಂಟ್ 2394.

ಇಲ್ಲಿ ಮೊದಲ ಗುಂಡಿ ಇದೆ. ರಬಕವಿ-ಬನಹಟ್ಟಿಯಲ್ಲಿ ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇಟ್ಟುಕೊಂಡವರು, ಇಳಕಲ್ಲಿನ ಕೈಮಗ್ಗದವರು ಎಎಸ್‌ಐನಲ್ಲಿ ಇಲ್ಲವೇ ಇಲ್ಲ. ಅವರನ್ನು ಬಿಟ್ಟು "ಬಾಗಲಕೋಟೆ ಜವಳಿ ಉದ್ಯಮ" ಅಂತ ಬರೆದರೆ ಅದು ಬಾಗಲಕೋಟೆಯ ಜವಳಿ ಉದ್ಯಮ ಆಗುವುದಿಲ್ಲ. ಅಂಥ ಘಟಕಗಳಿಗೆ ಅಸಂಘಟಿತ ವಲಯದ ಸಮೀಕ್ಷೆ ನೋಡಬೇಕು. ಹಿಂದೆ ಇದನ್ನು ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 67 ಮತ್ತು 73ನೇ ಸುತ್ತುಗಳಲ್ಲಿ ಮಾಡಿದ್ದರು. ಈಚೆಗೆ ಎಎಸ್‌ಯುಎಸ್‌ಇ (ಅಸಂಘಟಿತ ವಲಯದ ಉದ್ಯಮಗಳ ವಾರ್ಷಿಕ ಸಮೀಕ್ಷೆ) ಹೆಸರಿನಲ್ಲಿ ಮಾಡುತ್ತಾರೆ.

ಎರಡನೇ ಗುಂಡಿ ಮಾದರಿಯ ಗಾತ್ರ. ಒಂದು ಜಿಲ್ಲೆಯ ಒಂದೇ ಕಸುಬಿಗೆ ಸರಕಾರಿ ಸಮೀಕ್ಷೆಯಲ್ಲಿ ಸಾಕಷ್ಟು ಘಟಕ ಸಿಗುವುದು ಕಷ್ಟ. ಇಡೀ ಕರ್ನಾಟಕ ತೆಗೆದುಕೊಳ್ಳಿ. ಫೌಂಡ್ರಿಯಾದರೆ ಮಹಾರಾಷ್ಟ್ರವನ್ನೂ ಸೇರಿಸಿ. ಕೊಲ್ಹಾಪುರದ ಫೌಂಡ್ರಿಗಳು ಬೆಳಗಾವಿಯವುಗಳ ಅಣ್ಣತಮ್ಮಂದಿರೇ ತಾನೆ. ಇಲ್ಲವೇ ನೀವೇ ಪ್ರಶ್ನಾವಳಿ ಹಿಡಿದು ಹೊರಡಿ.

ನೀವೇ ಹೊರಡುವುದಾದರೆ ಒಂದು ಸಲಹೆ. ಲಾಭ ಎಷ್ಟು ಅಂತ ಮೊದಲೇ ಕೇಳಬೇಡಿ, ಬಾಗಿಲು ಮುಚ್ಚಿಬಿಡುತ್ತದೆ. ಹೆಸ್ಕಾಂ ಕರೆಂಟ್ ಬಿಲ್ ತೋರಿಸುತ್ತೀರಾ ಅಂತ ಕೇಳಿ. ಬಿಲ್ ತೋರಿಸಲು ಯಾರಿಗೂ ಅಷ್ಟು ಸಂಕೋಚ ಇರುವುದಿಲ್ಲ, ಮತ್ತು ಅದರಲ್ಲಿರುವ ಯೂನಿಟ್ ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಹಂತ 3: ಹೊರಬಂದದ್ದನ್ನು ಅಳೆಯಿರಿ

ನಿಧಾನವಾಗಿ ಓದಬೇಕಾದ ಹಂತ ಇದು. ಎರಡು ದಾರಿ ಇವೆ. ಒಂದು, ಒಟ್ಟು ಉತ್ಪನ್ನ: ಮಾರಿದ ಮಾಲಿನ ಪೂರ್ತಿ ಬೆಲೆ, ಸ್ಟಾಕಿನ ಏರಿಳಿತ ಸೇರಿಸಿ. ಇನ್ನೊಂದು, ಮೌಲ್ಯವರ್ಧನೆ: ಅದರಲ್ಲಿ ಕಚ್ಚಾ ಮಾಲು, ಇಂಧನ, ಹೊರಗಿನ ಸೇವೆಗೆ ಕೊಟ್ಟದ್ದನ್ನು ಕಳೆದು ಉಳಿದದ್ದು.

ಈಗ ರಬಕವಿಯ ಇಬ್ಬರು ಮಗ್ಗದವರನ್ನು ಯೋಚಿಸಿ. ಇಬ್ಬರ ಹತ್ತಿರವೂ ಎಂಟೆಂಟು ಮಗ್ಗ, ಒಂದೇ ಥರದ ಸೀರೆ. ಒಬ್ಬರು ತಾವೇ ನೂಲು ಕೊಂಡು, ನೇಯ್ದು, ಮಾರುತ್ತಾರೆ. ಇನ್ನೊಬ್ಬರಿಗೆ ಸಾಹುಕಾರರು ನೂಲು ಕೊಡುತ್ತಾರೆ, ಇವರು ನೇಯ್ದು ಕೊಟ್ಟು ಕೂಲಿ ತೆಗೆದುಕೊಳ್ಳುತ್ತಾರೆ. ಮೊದಲನೆಯವರ ಪುಸ್ತಕದಲ್ಲಿ ಸೀರೆಯ ಪೂರ್ತಿ ಬೆಲೆ ಬರುತ್ತದೆ. ಎರಡನೆಯವರ ಪುಸ್ತಕದಲ್ಲಿ ಬರೀ ಕೂಲಿ. ಒಟ್ಟು ಉತ್ಪನ್ನವನ್ನು ಮಂದಿಯಿಂದ ಭಾಗಿಸಿದರೆ ಮೊದಲನೆಯವರು ಎರಡನೆಯವರಿಗಿಂತ ಎಷ್ಟೋ ಪಟ್ಟು ದಕ್ಷರು ಅಂತ ಬರುತ್ತದೆ. ಮಗ್ಗ ಒಂದೇ, ಕೈ ಒಂದೇ, ಗಂಟೆಗೆ ಬರುವ ಬಟ್ಟೆಯೂ ಒಂದೇ!

ಕೂಲಿ ಆಧಾರದ ಘಟಕಗಳು ನಿಮ್ಮ ಮಾದರಿಯಲ್ಲಿದ್ದರೆ ಮೌಲ್ಯವರ್ಧನೆ ಬಳಸಿ, ಇಲ್ಲವೇ ಎರಡು ಗುಂಪು ಮಾಡಿ. ಫೌಂಡ್ರಿಗಳಲ್ಲೂ ಇದೇ ಕತೆ. ಮಷೀನಿಂಗ್ ಜಾಬ್ ವರ್ಕ್ ಮಾಡುವವರ ಲೆಕ್ಕದಲ್ಲಿ ಕಬ್ಬಿಣವೇ ಕಾಣುವುದಿಲ್ಲ.

ಸಕ್ಕರೆ ಕಾರ್ಖಾನೆಯ ತೊಡಕು ಬೇರೆ. ಎಲ್ಲರೂ ರಿಕವರಿ ಹಿಡಿದುಕೊಳ್ಳುತ್ತಾರೆ, ಅಂದರೆ 100 ಕೆಜಿ ಕಬ್ಬಿಗೆ ಎಷ್ಟು ಕೆಜಿ ಸಕ್ಕರೆ ಅನ್ನುವುದು. ಆದರೆ ಕಾರ್ಖಾನೆ ಈಗ ಬರೀ ಸಕ್ಕರೆ ಮಾಡುವುದಿಲ್ಲ. ಕರೆಂಟ್ ಮಾಡುತ್ತದೆ, ಎಥನಾಲ್ ಮಾಡುತ್ತದೆ. ಬಿ-ಹೆವಿ ಕಾಕಂಬಿಯನ್ನು ಎಥನಾಲಿಗೆ ತಿರುಗಿಸಿದ ವರ್ಷ ಸಕ್ಕರೆ ರಿಕವರಿ ಇಳಿಯುತ್ತದೆ, ಯಾಕೆಂದರೆ ಸಕ್ಕರೆಯಾಗಬೇಕಿದ್ದ ಅಂಶ ಇನ್ನೂ ಕಾಕಂಬಿಯಲ್ಲೇ ಇರುತ್ತದೆ. ಅದನ್ನು ನೋಡಿ "ದಕ್ಷತೆ ಕುಸಿದಿದೆ" ಅಂತ ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ಸಕ್ಕರೆ, ವಿದ್ಯುತ್, ಎಥನಾಲ್ ಮೂರನ್ನೂ ಹೊರಬಂದದ್ದು ಅಂತಲೇ ಲೆಕ್ಕ ಹಿಡಿಯಬೇಕು.

ಹಂತ 4: ಒಳಹಾಕಿದ್ದನ್ನು ಅಳೆಯಿರಿ

ಕೆಲಸಗಾರರು: ತಲೆ ಎಣಿಸಬೇಡಿ, ದಿನ ಎಣಿಸಿ. ಒಂದು ಸಕ್ಕರೆ ಕಾರ್ಖಾನೆಯಲ್ಲಿ ವರ್ಷಕ್ಕೆ 300 ದಿನ ದುಡಿಯುವ ಕಾಯಂ ಮಂದಿ 400, ಹಂಗಾಮಿನಲ್ಲಿ 150 ದಿನ ದುಡಿಯುವವರು 300 ಅಂತ ಇಟ್ಟುಕೊಳ್ಳಿ. ತಲೆ ಎಣಿಸಿದರೆ 700. ದಿನ ಎಣಿಸಿದರೆ 1,20,000 ಮತ್ತು 45,000 ಕೂಡಿ 1,65,000, ಅಂದರೆ ಪೂರ್ತಿ ವರ್ಷದ 550 ಜನರಿಗೆ ಸಮ. ಮಗ್ಗದ ಮನೆಗಳಲ್ಲಿ ಇನ್ನೂ ಹುಷಾರು. ಕಂಡಕಿ (ನೂಲಿನ ಸುರುಳಿ) ಸುತ್ತುವ ಅಜ್ಜಿ, ಶಾಲೆ ಬಿಟ್ಟ ಮೇಲೆ ಕೈ ಹಚ್ಚುವ ಮಗಳು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ಮನೆಗಳೂ ಇವೆ. ಕೇಳದೆ 365ರಿಂದ ಭಾಗಿಸಬೇಡಿ.

ಬಂಡವಾಳ: ಇದರಷ್ಟು ತಲೆನೋವು ಬೇರೆ ಯಾವುದೂ ಇಲ್ಲ. ಲೆಕ್ಕಪತ್ರದಲ್ಲಿ ಹದಿನೈದು ವರ್ಷದ ಹಳೆಯ ಲೇತ್‌ನ ಬೆಲೆ ಸೊನ್ನೆಗೆ ಬಂದಿರುತ್ತದೆ. ಅದು ಇವತ್ತೂ ದಿನಕ್ಕೆ ಎರಡು ಶಿಫ್ಟ್ ಓಡುತ್ತಿರುತ್ತದೆ. ಪುಸ್ತಕದ ಬೆಲೆ ಹಾಕಿದರೆ ಹಳೆ ಕಾರ್ಖಾನೆಗಳೆಲ್ಲ ಸುಮ್ನೆ ದಕ್ಷವಾಗಿ ಕಾಣುತ್ತವೆ. ಹಲವು ವರ್ಷಗಳ ಡೇಟಾ ಇದ್ದರೆ ನಿರಂತರ ದಾಸ್ತಾನು ವಿಧಾನ ಬಳಸಿ: ಹಿಂದಿನ ವರ್ಷದ ಬಂಡವಾಳದಲ್ಲಿ ಸವೆತ ಕಳೆದು, ಈ ವರ್ಷದ ಹೊಸ ಹೂಡಿಕೆಯನ್ನು ಬೆಲೆ ಏರಿಕೆ ತೆಗೆದು ಕೂಡಿಸುತ್ತಾ ಹೋಗುವುದು. ಒಂದೇ ವರ್ಷದ ಸಮೀಕ್ಷೆಯಾದರೆ ಹೀಗೆ ಕೇಳಿ: "ಇದೇ ಮಷಿನ್, ಇದೇ ಸ್ಥಿತಿಯಲ್ಲಿ, ಇವತ್ತು ಕೊಳ್ಳಬೇಕಾದರೆ ಎಷ್ಟು ಬೀಳುತ್ತದೆ?" ಅದೂ ಆಗದಿದ್ದರೆ ಮಗ್ಗದ ಸಂಖ್ಯೆ, ಫರ್ನೇಸಿನ ಕೆಜಿ ಸಾಮರ್ಥ್ಯ. ಒರಟು ಅಳತೆಯೇ, ಆದರೆ ಸುಳ್ಳು ರೂಪಾಯಿಗಿಂತ ವಾಸಿ.

ಕರೆಂಟ್: ರೂಪಾಯಿಯಲ್ಲಿ ಅಲ್ಲ, ಯೂನಿಟ್‌ನಲ್ಲಿ. ಮಗ್ಗಗಳಿಗೆ ರಿಯಾಯಿತಿ ದರ ಇದೆ, ಫೌಂಡ್ರಿಗೆ ಇಲ್ಲ. ಬಿಲ್ಲಿನ ಮೊತ್ತ ಹೋಲಿಸಿದರೆ ನೀವು ಅಳೆಯುವುದು ಸರಕಾರದ ಸಬ್ಸಿಡಿಯನ್ನು.

ಹಂತ 5: ಬೆಲೆ ಏರಿಕೆ ತೆಗೆಯಿರಿ

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. ಮಾರಾಟ 100 ಲಕ್ಷದಿಂದ 130 ಲಕ್ಷಕ್ಕೆ ಏರಿತು ಅನ್ನಿ. ಅದೇ ಹೊತ್ತಿನಲ್ಲಿ ಆ ಮಾಲಿನ ಬೆಲೆ ಸೂಚ್ಯಂಕ 110ರಿಂದ 132ಕ್ಕೆ, ಅಂದರೆ ಶೇ. 20 ಏರಿದೆ. 130ನ್ನು 1.2ರಿಂದ ಭಾಗಿಸಿ: 108.3. ನಿಜವಾದ ಏರಿಕೆ ಶೇ. 8.3 ಮಾತ್ರ. ಇದಕ್ಕೆ ಡಿಫ್ಲೇಟ್ ಮಾಡುವುದು ಅನ್ನುತ್ತಾರೆ. 2011-12 ಆಧಾರ ವರ್ಷದ ಸಗಟು ಬೆಲೆ ಸೂಚ್ಯಂಕದಲ್ಲಿ ವಸ್ತುವಾರು ಅಂಕಿ ಸಿಗುತ್ತವೆ. ಒಟ್ಟು ಸೂಚ್ಯಂಕ ಹಾಕಬೇಡಿ. ಎರಕಕ್ಕೆ ಲೋಹದ್ದು, ಸಕ್ಕರೆಗೆ ಸಕ್ಕರೆಯದ್ದು. ಒಳಹೋದ ಮಾಲಿಗೂ ಅದರದೇ ಸೂಚ್ಯಂಕ ಹಾಕಬೇಕು.

ಇನ್ನೊಂದು: ಎಎಸ್‌ಐ ವರ್ಷ ಏಪ್ರಿಲ್‌ನಿಂದ ಮಾರ್ಚ್, ಸಕ್ಕರೆ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಎರಡು ಕಡೆಯ ಅಂಕಿಯನ್ನು ಒಂದೇ ಸಾಲಿನಲ್ಲಿ ಕೂರಿಸುವ ಮುಂಚೆ ಇದನ್ನು ನೋಡಿ.

ಹಂತ 6: ಡಿಇಎಯನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ

ಡಿಇಎ ಅಂದರೆ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಇದಕ್ಕೆ ರೂಪ ಕೊಟ್ಟರು. ಕಟ್ಟುನಿಟ್ಟಾಗಿ ಹೇಳಿದರೆ ಇದು ಎಕನಾಮೆಟ್ರಿಕ್ಸ್ ಅಲ್ಲ, ಲೀನಿಯರ್ ಪ್ರೋಗ್ರಾಮಿಂಗ್. ಆದರೂ ಇಲ್ಲಿಂದಲೇ ಶುರು ಮಾಡಿ, ಯಾಕೆಂದರೆ ಫ್ರಾಂಟಿಯರ್ ಅಂದರೇನು ಅನ್ನುವುದು ಕಣ್ಣಿಗೆ ಕಾಣುತ್ತದೆ.

ನಾಲ್ಕು ಫೌಂಡ್ರಿ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟವು, ತಿಂಗಳ ಲೆಕ್ಕ.

ಅ: 20 ಮಂದಿ, 40 ಟನ್. ತಲೆಗೆ 2.0
ಆ: 30 ಮಂದಿ, 75 ಟನ್. ತಲೆಗೆ 2.5
ಇ: 50 ಮಂದಿ, 110 ಟನ್. ತಲೆಗೆ 2.2
ಈ: 40 ಮಂದಿ, 60 ಟನ್. ತಲೆಗೆ 1.5

'ಆ' ಎಲ್ಲಕ್ಕಿಂತ ಮುಂದಿದೆ. ಅದಕ್ಕೆ 1 ಕೊಟ್ಟರೆ 'ಅ'ಗೆ 0.80, 'ಇ'ಗೆ 0.88, 'ಈ'ಗೆ 0.60. 'ಆ' ಮಾಡುವ ಹಾಗೆ ಮಾಡಿದ್ದರೆ 'ಈ'ಗೆ 60 ಟನ್ ತೆಗೆಯಲು 24 ಮಂದಿ ಸಾಕಿತ್ತು.

ಆದರೆ ಇದು ಗಾತ್ರ ಎಷ್ಟಿದ್ದರೂ ಲಾಭನಷ್ಟ ಇಲ್ಲ ಅಂತ ಹಿಡಿದ ಲೆಕ್ಕ. 20 ಮಂದಿಯ ಫೌಂಡ್ರಿಗೆ 30 ಮಂದಿಯದರಂತೆ ಮಾಡು ಅನ್ನುವುದು ಎಷ್ಟು ಸರಿ? ಅದಕ್ಕೇ 1984ರಲ್ಲಿ ಬ್ಯಾಂಕರ್, ಚಾರ್ನ್ಸ್, ಕೂಪರ್ ಗಾತ್ರಕ್ಕೆ ತಕ್ಕ ಗೆರೆ ಎಳೆದರು. ಹಾಗೆ ಎಳೆದರೆ ಗೆರೆ ಅ, ಆ, ಇ ಮೂರರ ಮೇಲೂ ಹಾದು ಹೋಗುತ್ತದೆ, ಮೂರಕ್ಕೂ 1. 'ಈ' ಮಾತ್ರ ಕೆಳಗೆ. ಅ ಮತ್ತು ಆ ನಡುವಿನ ಗೆರೆಯಲ್ಲಿ 60 ಟನ್‌ಗೆ 25.7 ಮಂದಿ ಬೇಕು, 25.7ನ್ನು 40ರಿಂದ ಭಾಗಿಸಿದರೆ 0.64. 'ಅ'ದ 0.80ರ ಅರ್ಥ ಈಗ ಬದಲಾಯಿತು, ಗಮನಿಸಿ. ಅಲ್ಲಿನವರು ಕೆಲಸ ಕೆಟ್ಟದಾಗಿ ಮಾಡುತ್ತಿಲ್ಲ, ಫೌಂಡ್ರಿ ಚಿಕ್ಕದು ಅಷ್ಟೇ. ಇದಕ್ಕೆ ಗಾತ್ರ ದಕ್ಷತೆ ಅನ್ನುತ್ತಾರೆ.

ಈಗ 'ಈ' ಹತ್ತಿರ ಹೋಗೋಣ. ಇಂಥದೇ ಒಂದು ಜಾಗದಲ್ಲಿ ಮಾಲೀಕರು ನನ್ನ ಹಾಳೆ ನೋಡಿ ನಕ್ಕರು. "ತೂಕ ಹಿಡದ್ರ ನಾ ಸೋಲತೀನ್ರಿ ಸರ್. ಪೀಸ್ ನೋಡ್ರಿ." ಅವರು ಮಾಡುತ್ತಿದ್ದದ್ದು ತೆಳುಗೋಡೆಯ, ಒಳಗೆ ಕೋರ್ (ಟೊಳ್ಳು ಬಿಡಿಸುವ ಮರಳಿನ ಅಚ್ಚು) ಕೂರಿಸಬೇಕಾದ ಪಂಪಿನ ಬಾಡಿ. ಪಕ್ಕದವರದ್ದು ದಪ್ಪನೆಯ ಕೌಂಟರ್‌ವೇಟ್. ಟನ್ ಲೆಕ್ಕದಲ್ಲಿ ಕೌಂಟರ್‌ವೇಟ್ ಯಾವತ್ತೂ ಗೆಲ್ಲುತ್ತದೆ.

ನಮ್ಮ ಉದಾಹರಣೆಯಲ್ಲಿ 'ಈ' ಮಾಲು ಕೆಜಿಗೆ 140 ರೂಪಾಯಿ, 'ಆ' ಮಾಲು 90 ರೂಪಾಯಿ ಅಂತ ಇಡೋಣ. 'ಈ' ಮಾರಾಟ 84 ಲಕ್ಷ, ತಲೆಗೆ 2.10 ಲಕ್ಷ. 'ಆ' ಮಾರಾಟ 67.5 ಲಕ್ಷ, ತಲೆಗೆ 2.25 ಲಕ್ಷ. 'ಆ' ಎದುರು 'ಈ' ಸ್ಕೋರ್ 0.93. ಬೆಳಿಗ್ಗೆ 0.60 ಇದ್ದವರು ಮಧ್ಯಾಹ್ನಕ್ಕೆ 0.93. ಯಾವ ವಿಧಾನವನ್ನೂ ಬದಲಿಸಲಿಲ್ಲ, ಹೊರಬಂದದ್ದನ್ನು ಅಳೆಯುವ ಕೋಲು ಬದಲಿಸಿದೆವು. ಹಂತ 3ರಲ್ಲಿ ಅಷ್ಟು ಹೊತ್ತು ನಿಂತದ್ದು ಇದಕ್ಕೇ.

ಡಿಇಎಯ ಎರಡು ದೌರ್ಬಲ್ಯ ನೆನಪಿರಲಿ. ಒಂದೇ ಒಂದು ತಪ್ಪು ಅಂಕಿ, ಉದಾಹರಣೆಗೆ 75ರ ಬದಲು 750 ಟೈಪ್ ಆಗಿದ್ದರೆ, ಎಲ್ಲರ ಸ್ಕೋರ್ ನೆಲಕಚ್ಚುತ್ತದೆ. 1 ಬಂದ ಪ್ರತಿ ಘಟಕದ ಅಂಕಿಯನ್ನು ಎರಡನೇ ಸಲ ನೋಡಿ. ಮತ್ತೊಂದು, ಒಳಹರಿವು-ಹೊರಹರಿವುಗಳ ಪಟ್ಟಿ ಉದ್ದ ಮಾಡಿದಷ್ಟೂ ಎಲ್ಲರೂ 1 ಆಗುತ್ತಾ ಹೋಗುತ್ತಾರೆ. ಅವೆರಡನ್ನೂ ಕೂಡಿಸಿ ಮೂರರಿಂದ ಗುಣಿಸಿದಷ್ಟು ಘಟಕಗಳಾದರೂ ಬೇಕು ಅನ್ನುವುದು ರೂಢಿಯ ಲೆಕ್ಕ. ಹನ್ನೆರಡು ಫೌಂಡ್ರಿ, ಐದು ಇನ್‌ಪುಟ್, ಎರಡು ಔಟ್‌ಪುಟ್ ಹಿಡಿದು ಬಂದರೆ ನಾನು ವಾಪಸ್ ಕಳಿಸುತ್ತೇನೆ.

ಹಂತ 7: ಎಸ್‌ಎಫ್‌ಎ, ಅಂದರೆ ಅದೃಷ್ಟವನ್ನೂ ಲೆಕ್ಕಕ್ಕೆ ಹಿಡಿಯುವುದು

ಎಸ್‌ಎಫ್‌ಎ ಅಂದರೆ ಸ್ಟೊಕ್ಯಾಸ್ಟಿಕ್ ಫ್ರಾಂಟಿಯರ್ ಅನಾಲಿಸಿಸ್. ಡಿಇಎಗೆ ದುರದೃಷ್ಟ ಅನ್ನುವುದು ಗೊತ್ತಿಲ್ಲ. ವಿಜಯಪುರದ ದ್ರಾಕ್ಷಿ ರೈತರನ್ನು ತೆಗೆದುಕೊಳ್ಳಿ. ಒಂದು ಕೆಜಿ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿ ಬೇಕು. ಶೆಡ್ಡಿನಲ್ಲಿ ಒಣಗುವ ಹೊತ್ತಿಗೆ ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಡಿಇಎ ಅದನ್ನೂ ರೈತನ ಅದಕ್ಷತೆ ಅಂತಲೇ ಬರೆದುಕೊಳ್ಳುತ್ತದೆ. ಅದಕ್ಕೇ ಕೃಷಿಗೆ ನಾನು ಎಸ್‌ಎಫ್‌ಎ ಹೇಳುತ್ತೇನೆ.

1977ರಲ್ಲಿ ಐಗ್ನರ್, ಲವೆಲ್, ಶ್ಮಿಟ್ ಒಂದು ಕಡೆ, ಮ್ಯೂಸೆನ್ ಮತ್ತು ವಾನ್ ಡೆನ್ ಬ್ರೂಕ್ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಸಮೀಕರಣವನ್ನು ಬಾಯಿಮಾತಿನಲ್ಲಿ ಹೇಳುವುದಾದರೆ:

ಉತ್ಪನ್ನದ ಲಾಗ್ = ಸ್ಥಿರಾಂಕ + ಬಂಡವಾಳದ ಲಾಗ್‌ನ ಪಾಲು + ಶ್ರಮದ ಲಾಗ್‌ನ ಪಾಲು + ಅದೃಷ್ಟ − ಅದಕ್ಷತೆ

ಅದೃಷ್ಟ ಎರಡೂ ಕಡೆ ವಾಲಬಹುದು: ಕರೆಂಟ್ ಹೋಯಿತು, ಮಳೆ ಬಂತು, ಗುಮಾಸ್ತರು ಅಂಕಿ ತಪ್ಪು ಬರೆದರು. ಅದಕ್ಷತೆ ಒಂದೇ ಕಡೆ, ಕೆಳಗೆ ಮಾತ್ರ ಎಳೆಯುತ್ತದೆ. ಎರಡನ್ನು ಬೇರೆ ಮಾಡುವ ಕೀಲಿ ಇದೇ.

ಇದರಿಂದಲೇ ಮೊದಲ ಪರೀಕ್ಷೆಯೂ ಹುಟ್ಟುತ್ತದೆ. ಮಾದರಿ ಓಡಿಸುವ ಮುಂಚೆ ಸಾದಾ ರಿಗ್ರೆಷನ್ ಮಾಡಿ, ಉಳಿಕೆಗಳ (ನಿಜವಾದ ಅಂಕಿಗೂ ರಿಗ್ರೆಷನ್ ಹೇಳಿದ್ದಕ್ಕೂ ಇರುವ ಅಂತರ) ಹಂಚಿಕೆಯ ಚಿತ್ರ ಬರೆಯಿರಿ. ಬಾಲ ಎಡಕ್ಕೆ ಉದ್ದ ಇರಬೇಕು. ಬಲಕ್ಕೆ ಉದ್ದ ಇದ್ದರೆ ಅಲ್ಲೇ ನಿಲ್ಲಿ. ಸಾಫ್ಟ್‌ವೇರ್ ಎಲ್ಲರೂ ದಕ್ಷರು ಅನ್ನುತ್ತದೆ ಅಥವಾ ಅರ್ಥವಿಲ್ಲದ ಉತ್ತರ ಕೊಡುತ್ತದೆ. ಅಂಥ ಹೊತ್ತಿನಲ್ಲಿ ನಾನು ಮೊದಲು ಅನುಮಾನಪಡುವುದು ಅಳತೆಯನ್ನು.

ಅದಕ್ಷತೆ ಇದೆಯೋ ಇಲ್ಲವೋ ಅನ್ನುವ ಪರೀಕ್ಷೆಗೆ (ಲೈಕ್ಲಿಹುಡ್ ರೇಶಿಯೋ) ಶೇ. 5ರ ಮಟ್ಟದಲ್ಲಿ ಗಡಿ ಅಂಕಿಯಾಗಿ 3.84 ಅಲ್ಲ, 2.71 ನೋಡಬೇಕು. ಅದಕ್ಷತೆಯ ಹರಡು ಸೊನ್ನೆಗಿಂತ ಕೆಳಗೆ ಹೋಗಲಾರದು, ಹಾಗಾಗಿ ಇದು ಒಂದು ಬದಿಯ ಪರೀಕ್ಷೆ.

ಇನ್ನೊಂದು ತಪ್ಪು ಎಷ್ಟು ಸಾಮಾನ್ಯ ಅಂದರೆ ವೈವಾದಲ್ಲಿ ನಾನು ಅದನ್ನೇ ಕಾಯುತ್ತಿರುತ್ತೇನೆ. ಫಲಿತಾಂಶದಲ್ಲಿ ಗಾಮಾ ಅನ್ನುವ ಅಂಕಿ ಬರುತ್ತದೆ, ಒಟ್ಟು ಹರಡಿನಲ್ಲಿ ಅದಕ್ಷತೆಯ ಪಾಲಿನಂತೆ ಕಾಣುವುದು. 0.85 ಬಂದರೆ "ವ್ಯತ್ಯಾಸದಲ್ಲಿ ಶೇ. 85 ಅದಕ್ಷತೆಯಿಂದ" ಅಂತ ಬರೆದುಬಿಡುತ್ತಾರೆ. ತಪ್ಪು. ಅರ್ಧ-ನಾರ್ಮಲ್ ವಿತರಣೆಯಲ್ಲಿ (ಗಂಟೆಯಾಕಾರದ ಗೆರೆಯ ಒಂದೇ ಬದಿ) ಅದಕ್ಷತೆಯ ನಿಜವಾದ ಹರಡು ಆ ಅಂಕಿಯ 0.363 ಪಟ್ಟು ಮಾತ್ರ. 0.85 × 0.363 = 0.309. ಅದೃಷ್ಟದ ಪಾಲು 1 − 0.85 = 0.15. 0.309ನ್ನು 0.309 + 0.15ರಿಂದ ಭಾಗಿಸಿದರೆ 0.67. ಶೇ. 67 ಅಂತ ಬರೆಯಬೇಕು.

ಘಟಕವಾರು ಸ್ಕೋರ್ ಬಗ್ಗೆ ಒಂದು ಮಾತು. ಒಂದೇ ವರ್ಷದ ಡೇಟಾ ಇದ್ದಾಗ ಆ ಅಂಕಿಗಳ ಸುತ್ತಲಿನ ಅನಿಶ್ಚಿತತೆಯ ಅಂತರ ಬಹಳ ಅಗಲ. 17ನೇ ರ‍್ಯಾಂಕ್, 18ನೇ ರ‍್ಯಾಂಕ್ ಅಂತ ಪಟ್ಟಿ ಮಾಡುವುದರಲ್ಲಿ ಅರ್ಥವಿಲ್ಲ. ಮೇಲಿನ ಕಾಲುಭಾಗ, ಕೆಳಗಿನ ಕಾಲುಭಾಗ ಅನ್ನುವಷ್ಟಕ್ಕೆ ನಿಲ್ಲಿ.

ಹಂತ 8: ಮಾಲೀಕರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು

ಎಂಡೋಜೆನಿಟಿ ಅಂದ ಕೂಡಲೇ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ವಿಷಯ ಸರಳ. ಈ ವರ್ಷ ಆರ್ಡರ್ ಚೆನ್ನಾಗಿವೆ, ಫರ್ನೇಸ್ ಚೆನ್ನಾಗಿ ಓಡುತ್ತಿದೆ ಅಂತ ಮಾಲೀಕರಿಗೆ ಗೊತ್ತು. ಅದಕ್ಕೇ ಅವರು ಮಂದಿ ಜಾಸ್ತಿ ತೆಗೆದುಕೊಂಡರು. ನಿಮ್ಮ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದು "ಮಂದಿ ಜಾಸ್ತಿಯಾದದ್ದರಿಂದ ಉತ್ಪನ್ನ ಜಾಸ್ತಿ ಆಯಿತು" ಅಂದುಕೊಳ್ಳುತ್ತದೆ. ಶ್ರಮದ ಗುಣಾಂಕ ಇರಬೇಕಾದದ್ದಕ್ಕಿಂತ ಉಬ್ಬುತ್ತದೆ, ಉತ್ಪಾದಕತೆಯ ಲೆಕ್ಕ ಅದರ ಹಿಂದೆಯೇ ಕೆಡುತ್ತದೆ.

ಇದಕ್ಕೆ ಮದ್ದು, ಮಾಲೀಕರ ಮನಸ್ಸಿನಲ್ಲಿದ್ದದ್ದನ್ನು ಬೇರೆ ಯಾವುದಾದರೂ ಕಾಣುವ ಅಂಕಿಯಿಂದ ಊಹಿಸುವುದು. 1996ರಲ್ಲಿ ಆಲಿ ಮತ್ತು ಪೇಕ್ಸ್ ಹೂಡಿಕೆಯನ್ನು ಬಳಸಿದರು. ಸಣ್ಣ ಘಟಕಗಳಲ್ಲಿ ಹೂಡಿಕೆ ಹೆಚ್ಚಿನ ವರ್ಷ ಸೊನ್ನೆಯೇ, ಅಲ್ವಾ? 2003ರಲ್ಲಿ ಲೆವಿನ್‌ಸೋನ್ ಮತ್ತು ಪೆಟ್ರಿನ್ ಕಚ್ಚಾ ಮಾಲು, ವಿದ್ಯುತ್ ಬಳಸುವ ದಾರಿ ತೋರಿಸಿದರು. ಇಂಡಕ್ಷನ್ ಫರ್ನೇಸಿನ ಫೌಂಡ್ರಿಗೆ ಇದು ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಕರಗಿಸಿದ ಪ್ರತಿ ಟನ್ ಕಬ್ಬಿಣವೂ ಮೀಟರ್ ತಿರುಗಿಸುತ್ತದೆ. 2015ರಲ್ಲಿ ಆಕರ್‌ಬರ್ಗ್, ಕೇವ್ಸ್, ಫ್ರೇಜರ್ ಮಾಡಿದ ತಿದ್ದುಪಡಿಯೂ ಇದೆ. ಈಗ ಮಾಡುವವರು ಅದನ್ನೇ ಬಳಸಿ. ಈ ಮೂರಕ್ಕೂ ಒಂದೇ ಘಟಕದ ಹಲವು ವರ್ಷಗಳ ಡೇಟಾ ಬೇಕು. ಇಲ್ಲದಿದ್ದರೆ ಗುಣಾಂಕ ಉಬ್ಬಿರಬಹುದು ಅಂತ ಪ್ರಾಮಾಣಿಕವಾಗಿ ಬರೆದು ಮುಂದೆ ಹೋಗಿ.

ಹಂತ 9: ಕಸುಬು ಕಸುಬಿನ ನಡುವೆ ಹೋಲಿಕೆ

"ಸಕ್ಕರೆ 0.82, ಫೌಂಡ್ರಿ 0.71, ಆದ್ದರಿಂದ ಸಕ್ಕರೆ ಉದ್ಯಮ ಹೆಚ್ಚು ದಕ್ಷ." ಈ ವಾಕ್ಯ ಎಲ್ಲೂ ಬರೆಯಬೇಡಿ. ಸಕ್ಕರೆ ಕಾರ್ಖಾನೆಯನ್ನು ಅಳೆದದ್ದು ಸಕ್ಕರೆಯ ಗೆರೆಯಿಂದ, ಫೌಂಡ್ರಿಯನ್ನು ಫೌಂಡ್ರಿಯ ಗೆರೆಯಿಂದ. 0.82 ಅಂದರೆ ಸಕ್ಕರೆ ಕಾರ್ಖಾನೆಗಳು ತಮ್ಮಲ್ಲೇ ಮುಂದಿರುವವರಿಗೆ ಹತ್ತಿರ ಇವೆ ಅಂತ ಮಾತ್ರ. ಎಲ್ಲರೂ ಒಟ್ಟಿಗೆ ಹಿಂದುಳಿದಿದ್ದರೂ 0.82 ಬರುತ್ತದೆ. ಮುಧೋಳದ ಕುಸ್ತಿಯ ಗೆಲುವನ್ನೂ ಹುಬ್ಬಳ್ಳಿಯ ಓಟದ ಗೆಲುವನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ ಹಾಗೆ.

ಹಾಗಾದರೆ ಹೋಲಿಸುವುದು ಹೇಗೆ? ಮಟ್ಟವನ್ನು ಬಿಡಿ, ಬೆಳವಣಿಗೆ ದರ ಹೋಲಿಸಿ. ಒಟ್ಟು ಅಂಶ ಉತ್ಪಾದಕತೆ, ಅಂದರೆ ಟಿಎಫ್‌ಪಿ: ಉತ್ಪನ್ನದ ಏರಿಕೆಯಲ್ಲಿ ಇನ್‌ಪುಟ್‌ಗಳ ಏರಿಕೆಯನ್ನು ಅವುಗಳ ವೆಚ್ಚದ ಪಾಲಿಗೆ ತಕ್ಕಂತೆ ಕಳೆದರೆ ಉಳಿಯುವುದು. 1957ರಲ್ಲೇ ರಾಬರ್ಟ್ ಸೋಲೋ ತೋರಿಸಿದ ದಾರಿ. ಉತ್ಪನ್ನ ಶೇ. 8 ಏರಿದೆ, ಶ್ರಮ ಶೇ. 4 (ಪಾಲು 0.3), ಬಂಡವಾಳ ಶೇ. 6 (ಪಾಲು 0.2), ಕಚ್ಚಾ ಮಾಲು ಶೇ. 7 (ಪಾಲು 0.5). 1.2 + 1.2 + 3.5 = 5.9. ಉಳಿದ 2.1 ಟಿಎಫ್‌ಪಿ. ದೇಶದ ಮಟ್ಟದಲ್ಲಿ ಇದೇ ಲೆಕ್ಕ 27 ಉದ್ಯಮಗಳಿಗೆ 1980-81ರಿಂದ ಸಿದ್ಧವಾಗಿ ಸಿಗುತ್ತದೆ: ರಿಸರ್ವ್ ಬ್ಯಾಂಕ್ ಪ್ರಕಟಿಸುವ ಇಂಡಿಯಾ ಕ್ಲೆಮ್ಸ್ ಅನ್ನುವ ಡೇಟಾ. ನಿಮ್ಮ ಅಂಕಿ ಅದರಿಂದ ತೀರಾ ದೂರ ಬಿದ್ದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ಮಾಲ್ಮ್‌ಕ್ವಿಸ್ಟ್ ಸೂಚ್ಯಂಕ ಇನ್ನೊಂದು ದಾರಿ. ಅದು ಬದಲಾವಣೆಯನ್ನು ಎರಡಾಗಿ ಸೀಳುತ್ತದೆ: ಗೆರೆಯೇ ಮೇಲೆ ಹೋಯಿತೇ, ನೀವು ಗೆರೆಗೆ ಹತ್ತಿರ ಬಂದಿರೇ? ತಂತ್ರಜ್ಞಾನ 1.10, ದಕ್ಷತೆ 0.95 ಅಂದರೆ ಗುಣಲಬ್ಧ 1.045. ಉತ್ಪಾದಕತೆ ಶೇ. 4.5 ಏರಿದೆ, ಆದರೆ ಹಿಂದುಳಿದವರು ಇನ್ನಷ್ಟು ಹಿಂದುಳಿದಿದ್ದಾರೆ. ಕುಪೋಲಾ-ಇಂಡಕ್ಷನ್, ಕೈಮಗ್ಗ-ಪವರ್‌ಲೂಮ್ ಥರದ ಜೋಡಿಗಳಿಗೆ ಮೆಟಾಫ್ರಾಂಟಿಯರ್ ಬಳಸಬಹುದು, ಅಂದರೆ ಎರಡು ಗುಂಪಿನ ಗೆರೆಗಳನ್ನೂ ಮುಚ್ಚುವ ಒಂದು ದೊಡ್ಡ ಗೆರೆ. ಮಾಲು ಒಂದೇ ಜಾತಿಯದ್ದಾಗಿದ್ದರೆ ಮಾತ್ರ.

ಮಳೆ ಕೈಕೊಟ್ಟ ವರ್ಷದ ಬಗ್ಗೆ ಹುಷಾರ್. ಕಬ್ಬು ಸಿಗದೆ 150 ದಿನ ನುರಿಸಬೇಕಾದ ಕಾರ್ಖಾನೆ 80 ದಿನಕ್ಕೆ ನಿಂತರೆ ಟಿಎಫ್‌ಪಿ ಕುಸಿಯುತ್ತದೆ. ಕಾರ್ಖಾನೆಯವರು ಏನೂ ತಪ್ಪು ಮಾಡಿಲ್ಲ. ನುರಿಸಿದ ದಿನಗಳನ್ನು ಒಂದು ಚಲಕವಾಗಿ ಸೇರಿಸಿ.

ಹಂತ 10: ಯಾಕೆ ಅಂತ ಕೇಳಿ, ಅಂಗಳಕ್ಕೂ ವಾಪಸ್ ಹೋಗಿ

ಡಿಇಎ ಸ್ಕೋರ್ ತೆಗೆದು, ಅದನ್ನು ಮಾಲೀಕರ ವಯಸ್ಸು, ಓದು, ಸಾಲದ ಮೇಲೆ ಟೋಬಿಟ್ ರಿಗ್ರೆಷನ್ (ಸ್ಕೋರ್ 1ಕ್ಕೆ ನಿಂತುಬಿಡುವುದನ್ನು ಲೆಕ್ಕಕ್ಕೆ ಹಿಡಿಯುವ ರಿಗ್ರೆಷನ್) ಮಾಡುವುದು ನಮ್ಮಲ್ಲಿ ಇನ್ನೂ ನಡೆದಿದೆ. ಒಬ್ಬರ ಸ್ಕೋರ್ ಇನ್ನೊಬ್ಬರ ಸ್ಕೋರಿನ ಮೇಲೆ ನಿಂತಿರುತ್ತದೆ, ಹಾಗಾಗಿ ಸಾಮಾನ್ಯ ಪ್ರಮಾಣ ದೋಷಗಳು ನಂಬಲರ್ಹವಲ್ಲ. 2007ರಲ್ಲಿ ಸಿಮಾರ್ ಮತ್ತು ವಿಲ್ಸನ್ ಹೇಳಿದ ಬೂಟ್‌ಸ್ಟ್ರ್ಯಾಪ್ ವಿಧಾನ (ಕೃತಕ ಮಾದರಿಗಳನ್ನು ಮತ್ತೆ ಮತ್ತೆ ತೆಗೆದು ದೋಷ ಅಳೆಯುವುದು) ಬಳಸಿ. ಎಸ್‌ಎಫ್‌ಎ ಆದರೆ ಕಾರಣಗಳನ್ನೂ ಒಂದೇ ಏಟಿಗೆ ಸೇರಿಸುವ ಬಟೀಸಿ-ಕೊಯೆಲ್ಲಿ 1995ರ ಮಾದರಿ ಇದೆ.

ಅದಕ್ಕೂ ಮೊದಲು ಪಟ್ಟಿಯ ಕೊನೆಯ ಮೂರು ಘಟಕಗಳಿಗೆ ಒಮ್ಮೆ ಹೋಗಿ ಬನ್ನಿ. ಒಬ್ಬ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ತೀರಾ ಕೆಳಗಿದ್ದ ಫೌಂಡ್ರಿಗೆ ನಾವಿಬ್ಬರೂ ಹೋಗಿದ್ದೆವು. ಮಾಲೀಕರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಐದು ವಾರ ಕೆಂಪು ಗೆರೆ. ಫರ್ನೇಸಿನ ಕಾಯಿಲ್ ಸುಟ್ಟು ಬಂದ್ ಇತ್ತು, ಮಂದಿಗೆ ಸಂಬಳ ಮಾತ್ರ ಹೋಗಿತ್ತು. ಆ ಐದು ವಾರವನ್ನು ಬೇರೆ ಮಾಡಿ ಲೆಕ್ಕ ಮತ್ತೆ ಓಡಿಸಿದಾಗ ಆ ಘಟಕ ಪಟ್ಟಿಯ ನಡುವಿಗೆ ಬಂತು. "ಕಳೆದ ವರ್ಷ ಎಷ್ಟು ದಿನ ಬಂದ್ ಇತ್ತು, ಯಾಕೆ?" ಅನ್ನುವ ಸಾಲು ನಿಮ್ಮ ಪ್ರಶ್ನಾವಳಿಯಲ್ಲಿ ಇಲ್ಲದಿದ್ದರೆ ಇವತ್ತೇ ಸೇರಿಸಿ.